ಹೆಸರು ಇನ್ನೂ ತಿಳಿಯದವರು: ವಿಯೆಟ್ನಾಮಿನ ಕ್ವಾಂಗ್ ತ್ರಿಯಲ್ಲಿ

ಹನೋಯ್ ನಗರದ ತ್ರುಕ್ ಬಾಕ್ ಸರೋವರದ ದಂಡೆಯಲ್ಲಿ ಒಂದು ಕಾಂಕ್ರೀಟಿನ ಉಬ್ಬುಶಿಲ್ಪವಿದೆ. ಮಂಡಿಯೂರಿ, ಎರಡೂ ಕೈ ಮೇಲೆತ್ತಿದ ಮನುಷ್ಯನೊಬ್ಬನ ಆಕೃತಿ ಅದು. ವಿಯೆಟ್ನಾಂ ಯುದ್ಧದ ಕಾಲದಲ್ಲಿ, ಅಮೆರಿಕದ ನೌಕಾಪಡೆಯ ವಿಮಾನ ಚಾಲಕ ಜಾನ್ ಮೆಕೇನ್ 1967ರ ಅಕ್ಟೋಬರ್ 26ರಂದು ತನ್ನ ವಿಮಾನಕ್ಕೆ ಏಟು ಬಿದ್ದು ಈ ಕೆರೆಗೆ ಬಿದ್ದು ಸೆರೆಸಿಕ್ಕ. ಆತ ಐದೂವರೆ ವರ್ಷ ಇಲ್ಲಿಯ ಸೆರೆಮನೆಗಳಲ್ಲಿ ಕಳೆದು, ಮುಂದೆ ತನ್ನ ದೇಶದಲ್ಲಿ ಸೆನೆಟರ್ ಆದ. ವಿಯೆಟ್ನಾಮಿನೊಡನೆ ಸಂಬಂಧ ಬೆಳೆಸಬೇಕೆಂದು ಪಟ್ಟು ಹಿಡಿದವರ ಮುಂಚೂಣಿಯಲ್ಲಿ ನಿಂತ. ಗೆಲುವಿನ ಗುರುತಾಗಿ ನಿಲ್ಲಿಸಿದ ಈ ಶಿಲ್ಪದ ಬುಡದಲ್ಲಿ, 2018ರ ಆಗಸ್ಟ್‌ನಲ್ಲಿ ಆತ ತೀರಿಕೊಂಡಾಗ, ಜನ ಹೂವಿಟ್ಟು ಹೋದರು. ನಾನು ಹೋದ ಬೆಳಿಗ್ಗೆಯೂ ಅಲ್ಲಿ ಬಾಡಿದ ಸೇವಂತಿಗೆಯ ಒಂದು ಗೊಂಚಲಿತ್ತು. ಯಾರಿಟ್ಟದ್ದೋ ತಿಳಿಯಲಿಲ್ಲ.

ವಿಯೆಟ್ನಾಂ ಸರ್ಕಾರ 1995ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಉತ್ತರದ ಸೈನ್ಯ ಮತ್ತು ದಕ್ಷಿಣದ ಗೆರಿಲ್ಲಾಗಳು ಸೇರಿ ಆ ಯುದ್ಧದಲ್ಲಿ ಮಡಿದ ಯೋಧರು 11 ಲಕ್ಷ, ಸತ್ತ ನಾಗರಿಕರು 20 ಲಕ್ಷ. ಅಮೆರಿಕ 58,000ಕ್ಕೂ ಹೆಚ್ಚು ಮಂದಿಯನ್ನು ಕಳೆದುಕೊಂಡಿತು. 1975ರ ಏಪ್ರಿಲ್ 30ಕ್ಕೆ ಯುದ್ಧ ಮುಗಿಯಿತು; ಇಪ್ಪತ್ತು ವರ್ಷಗಳ ಬಳಿಕ, 1995ರ ಜುಲೈ 11ರಂದು, ರಾಜತಾಂತ್ರಿಕ ಸಂಬಂಧ ಕುದುರಿತು; 2023ರ ಸೆಪ್ಟೆಂಬರ್‌ನಲ್ಲಿ ವಿಯೆಟ್ನಾಂ ಅಮೆರಿಕಕ್ಕೆ, ಚೀನಾ, ರಷ್ಯಾ ಮತ್ತು ಭಾರತಕ್ಕೆ ಕೊಟ್ಟಿರುವ ಅತ್ಯುನ್ನತ ಪಾಲುದಾರಿಕೆಯ ಸ್ಥಾನವನ್ನೇ ಕೊಟ್ಟಿತು. ಇಷ್ಟು ಬೇಗ ಇವರು ಮರೆತದ್ದಾದರೂ ಹೇಗೆ ಎಂಬ ಪ್ರಶ್ನೆಯನ್ನು ಹೊತ್ತು ನಾನು ಊರಿನಿಂದ ಹೊರಟಿದ್ದೆ. ಮರೆತಿದ್ದಾರೆಂದು ನಾನು ಮೊದಲೇ ತೀರ್ಮಾನಿಸಿಕೊಂಡಿದ್ದದ್ದು ಎಷ್ಟು ತಪ್ಪೆಂದು ಕ್ವಾಂಗ್ ತ್ರಿ ಪ್ರಾಂತ್ಯದ ಮಣ್ಣು ನೋಡಿದ ಮೇಲೆ ಅರ್ಥವಾಯಿತು.

ಹನೋಯ್‌ನಿಂದ ಆ ಪ್ರಾಂತ್ಯದ ದೋಂಗ್ ಹಾ ಪಟ್ಟಣಕ್ಕೆ ಸುಮಾರು 620 ಕಿಲೋಮೀಟರ್, ರೈಲಿನಲ್ಲಿ ಒಂದು ಇಡೀ ರಾತ್ರಿಯ ದಾರಿ. ದೇಶ ಇಬ್ಭಾಗವಾದ 1954ರಲ್ಲಿ ತುಂಡಾದ ಈ ಹಳಿ ಮತ್ತೆ ಕೂಡಿ, ಹನೋಯ್ ಮತ್ತು ಹೋ ಚಿ ಮಿನ್ ನಗರಗಳ ನಡುವೆ ರೈಲು ಓಡಿದ್ದು 1976ರ ಕೊನೆಗೆ. ಬೆಳಕು ಹರಿಯುವ ಹೊತ್ತಿಗೆ ಕಿಟಕಿಯಾಚೆ ಕ್ವಾಂಗ್ ಬಿನ್ ಸೀಮೆಯ ಗದ್ದೆಗಳು, ಅವುಗಳ ಹಿಂದೆ ಮಂಜು ಮುಸುಕಿದ ಬೆಟ್ಟಸಾಲು ಕಾಣಿಸಿದವು. 2001ರ ಏಪ್ರಿಲ್ 7ರಂದು ಈ ಸೀಮೆಯ ಬೆಟ್ಟವೊಂದಕ್ಕೆ ಹೆಲಿಕಾಪ್ಟರ್ ಅಪ್ಪಳಿಸಿ ಹದಿನಾರು ಮಂದಿ ಸತ್ತರು. ಅವರಲ್ಲಿ ಏಳು ಮಂದಿ ಅಮೆರಿಕನ್ನರು, ಒಂಬತ್ತು ಮಂದಿ ವಿಯೆಟ್ನಾಮಿನವರು. ಯುದ್ಧದಲ್ಲಿ ಕಣ್ಮರೆಯಾದ ಅಮೆರಿಕನ್ ಸೈನಿಕರ ಅವಶೇಷಗಳನ್ನು ಹುಡುಕುವ ಕೆಲಸಕ್ಕೆ ಅವರು ಒಂದೇ ವಿಮಾನದಲ್ಲಿ ಹೊರಟಿದ್ದರು.

ಈ ಹುಡುಕಾಟದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ಎರಡು ದೇಶಗಳ ಮಾತುಕತೆಗೆ ಬಾಗಿಲು ತೆರೆದದ್ದು ಇದೇ ಎಂದು ನನ್ನ ನಂಬಿಕೆ. ಯುದ್ಧ ಮುಗಿದಾಗ ಅಮೆರಿಕದ ಸುಮಾರು 2,600 ಮಂದಿಯ ಗತಿ ಏನಾಯಿತೆಂದು ಗೊತ್ತಿರಲಿಲ್ಲ. ಅವರ ಲೆಕ್ಕ ಸಿಗದೆ ಸಂಬಂಧದ ಮಾತೇ ಇಲ್ಲವೆಂದು ಅಮೆರಿಕ ಹೇಳುತ್ತಿತ್ತು. 1980ರ ದಶಕದಲ್ಲಿ ಜಂಟಿ ಉತ್ಖನನ ಆರಂಭವಾಯಿತು. ವಿಮಾನ ಬಿದ್ದ ಜಾಗವನ್ನು ನೆನಪಿಟ್ಟುಕೊಂಡಿದ್ದ ಹಳ್ಳಿಯ ಮುದುಕರು ದಾರಿ ತೋರಿಸಿದರು. ರೈತರು ಗುಡ್ಡದ ಇಳಿಜಾರಿನಲ್ಲಿ ಬಕೆಟ್ ಬಕೆಟ್ ಮಣ್ಣನ್ನು ಕೈಯಿಂದ ಕೈಗೆ ದಾಟಿಸಿ, ಜರಡಿ ಹಿಡಿದು, ಒಂದು ಹಲ್ಲು, ಒಂದು ಮೂಳೆಯ ಚೂರು ಸಿಕ್ಕೀತೇ ಎಂದು ಹುಡುಕಿದರು. ಹೀಗೆ ಹುಡುಕಿಕೊಟ್ಟ ದೇಶದ ಸ್ವಂತ ಮಕ್ಕಳಲ್ಲಿ ಸುಮಾರು ಎರಡು ಲಕ್ಷ ಯೋಧರ ಅವಶೇಷ ಇನ್ನೂ ಸಿಕ್ಕಿಲ್ಲ. ಸಿಕ್ಕು ಮಣ್ಣು ಮಾಡಿದರೂ ಹೆಸರು ತಿಳಿಯದವರು ಸುಮಾರು ಮೂರು ಲಕ್ಷ. ಎಷ್ಟೋ ಮನೆಗಳಲ್ಲಿ ಮಗನ ಫೋಟೋದ ಮುಂದೆ ದೀಪ ಉರಿಯುತ್ತಿದೆ, ಸಮಾಧಿ ಎಲ್ಲಿದೆಯೆಂದು ಗೊತ್ತಿಲ್ಲ. ಅಂಥ ಮನೆಗಳ ಜನ ವೈರಿಯ ಮಗನ ಮೂಳೆಗಾಗಿ ಜರಡಿ ಹಿಡಿದರೆಂಬುದನ್ನು ನೆನೆದಾಗಲೆಲ್ಲ ನನಗೆ ಮಾತು ನಿಲ್ಲುತ್ತದೆ.

ದೋಂಗ್ ಹಾ ನಿಲ್ದಾಣದಲ್ಲಿ ಕಾಯುತ್ತಿದ್ದ ಮಾರ್ಗದರ್ಶಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಅವರ ಭಾಷೆಯಲ್ಲಿಯೂ ನಮ್ಮ ಹಾಗೆಯೇ ಅಪರಿಚಿತರನ್ನು ಅಣ್ಣ, ಅಕ್ಕ, ಚಿಕ್ಕಪ್ಪ ಎಂದೇ ಕರೆಯಬೇಕು. ನನ್ನ ನರೆಗೂದಲನ್ನು ನೋಡಿ ಆಕೆ ನನ್ನನ್ನು 'ಚೂ', ಎಂದರೆ ಚಿಕ್ಕಪ್ಪ ಎಂದು ಕರೆದು, ಮೊದಲಿಗೆ ಕರೆದೊಯ್ದದ್ದು ಬಾಂಬುಗಳ ಬಗ್ಗೆ ತಿಳಿವಳಿಕೆ ಕೊಡುವ ಕೇಂದ್ರಕ್ಕೆ. ಅಮೆರಿಕದ ಮಾಜಿ ಸೈನಿಕ ಚಕ್ ಸಿಯರ್ಸಿ ಮತ್ತು ಸ್ಥಳೀಯರು ಸೇರಿ 2001ರಲ್ಲಿ ಆರಂಭಿಸಿದ 'ಪ್ರಾಜೆಕ್ಟ್ ರಿನ್ಯೂ' ಎಂಬ ಸಂಸ್ಥೆ ಇದನ್ನು ಕಟ್ಟಿ ಬೆಳೆಸಿದೆ. ಗಾಜಿನ ಪೆಟ್ಟಿಗೆಯಲ್ಲಿ ಸೀಬೆಕಾಯಿ ಗಾತ್ರದ, ತುಕ್ಕು ಹಿಡಿದ ಒಂದು ಉಂಡೆಯಿತ್ತು. ಅದರ ಹೊರಚಿಪ್ಪಿನಲ್ಲಿ ನೂರಾರು ಪುಟ್ಟ ಉಕ್ಕಿನ ಗುಂಡುಗಳನ್ನು ಹುದುಗಿಸಲಾಗಿತ್ತು. ಇದು, ಒಂದೇ ಚಿಪ್ಪಿನಿಂದ ನೂರಾರು ಕಿರುಬಾಂಬುಗಳನ್ನು ಚೆಲ್ಲುವ ಗೊಂಚಲು ಬಾಂಬಿನ ಮರಿ. ಸಿಡಿಯದೆ ಉಳಿದ ಇಂಥವು ಐವತ್ತು ವರ್ಷಗಳಿಂದ ಗದ್ದೆಯ ಬದುವಿನಲ್ಲಿ, ಶಾಲೆಯ ಅಂಗಳದಲ್ಲಿ, ಬಾವಿ ತೋಡುವ ಜಾಗದಲ್ಲಿ ಬಿದ್ದಿವೆ; ಮಕ್ಕಳು ಆಟದ ಚೆಂಡೆಂದು ಎತ್ತಿಕೊಳ್ಳುತ್ತಾರೆ, ಬಡವರು ಗುಜರಿಗೆ ಮಾರಲೆಂದು ಅಗೆಯುತ್ತಾರೆ. ಯುದ್ಧ ಮುಗಿದ ಬಳಿಕ ಈ ಒಂದು ಪ್ರಾಂತ್ಯದಲ್ಲೇ 8,500ಕ್ಕೂ ಹೆಚ್ಚು ಮಂದಿ ಇವಕ್ಕೆ ಸಿಕ್ಕಿ ಸತ್ತರು ಅಥವಾ ಅಂಗಹೀನರಾದರು.

ಮಧ್ಯಾಹ್ನ ಪಟ್ಟಣದ ಹೊರಗೆ, ಕೆಂಪು ಗೂಟ ನೆಟ್ಟು ಹಗ್ಗ ಕಟ್ಟಿದ ಒಂದು ಹೊಲವನ್ನು ದೂರದಿಂದಲೇ ನೋಡಿದೆವು. ಶೋಧಕ ಯಂತ್ರ ಹಿಡಿದ ಹೆಂಗಸರು ಪಟ್ಟಿ ಪಟ್ಟಿಯಾಗಿ ನೆಲವನ್ನು ತಡಕುತ್ತಿದ್ದರು. ಯಂತ್ರ ಕೂಗಿದ ಕಡೆ ಒಬ್ಬಾಕೆ ಮಂಡಿಯೂರಿ, ಕಳೆ ಕೀಳುವವಳ ತಾಳ್ಮೆಯಿಂದ ಚಿಕ್ಕ ಕರಣೆಯಲ್ಲಿ ಮಣ್ಣನ್ನು ಬದಿಯಿಂದ ಕೆರೆಯತೊಡಗಿದಳು. ಸಿಕ್ಕಿದ್ದು ಒಂದು ತಗಡಿನ ಚೂರು. ಈ ಕೆಲಸಕ್ಕೆ ಹೆಚ್ಚಿನ ಹಣ ಬರುವುದು ಅಮೆರಿಕದಿಂದ. 2025ರ ಆರಂಭದಲ್ಲಿ ಅಲ್ಲಿಯ ಸರ್ಕಾರ ವಿದೇಶಿ ನೆರವನ್ನು ತಡೆಹಿಡಿದಾಗ ಇಲ್ಲಿಯ ತಂಡಗಳು ಕೆಲಸ ನಿಲ್ಲಿಸಿ ಮನೆಯಲ್ಲಿ ಕೂರಬೇಕಾಯಿತು. ಹಾಕಿದವರೇ ತೆಗೆಯಬೇಕಾದ ಬಾಂಬಿನ ವಿಷಯದಲ್ಲಿ ನೆರವು ಎಂಬ ಪದವೇ ಸಲ್ಲದು, ಅದು ಸಾಲ ತೀರಿಸುವಿಕೆ ಎಂದು ನನಗೆ ಆ ಹೊಲದ ಅಂಚಿನಲ್ಲಿ ನಿಂತಾಗ ಅನಿಸಿತು.

ಮರುದಿನ ಉತ್ತರಕ್ಕೆ ಹೊರಟು ಬೆನ್ ಹಾಯ್ ನದಿಗೆ ಬಂದೆವು. 1954ರ ಜಿನೀವಾ ಒಪ್ಪಂದ 17ನೇ ಅಕ್ಷಾಂಶದ ಬಳಿ ಈ ನದಿಯನ್ನೇ ತಾತ್ಕಾಲಿಕ ಗಡಿಯಾಗಿಸಿತು. ಎರಡು ವರ್ಷಗಳಲ್ಲಿ ಚುನಾವಣೆ ನಡೆದು ದೇಶ ಒಂದಾಗಬೇಕಿತ್ತು; ಚುನಾವಣೆ ನಡೆಯಲಿಲ್ಲ, ಗಡಿ ಇಪ್ಪತ್ತೊಂದು ವರ್ಷ ಉಳಿಯಿತು. ಒಪ್ಪಂದದ ಮೇಲ್ವಿಚಾರಣೆಗೆ ನೇಮಿಸಿದ ಅಂತರರಾಷ್ಟ್ರೀಯ ಆಯೋಗದಲ್ಲಿ ಕೆನಡಾ ಮತ್ತು ಪೋಲೆಂಡ್ ಸದಸ್ಯರಾಗಿದ್ದವು, ಅಧ್ಯಕ್ಷತೆ ಭಾರತದ್ದು. ದೇಶ ಹರಿದು ಹೋಳಾಗುವುದನ್ನು ತಡೆಯುವ ಬಲವಿಲ್ಲದೆ ಕಣ್ಣಾರೆ ಕಾಣುತ್ತ, ವರದಿ ಬರೆಯುತ್ತ ಇದ್ದವರಲ್ಲಿ ನಮ್ಮವರೂ ಇದ್ದರು. ಹಿಯೆನ್ ಲುವಾಂಗ್ ಸೇತುವೆ 178 ಮೀಟರ್ ಉದ್ದವಿದೆ. ಅದರ ಉತ್ತರಾರ್ಧಕ್ಕೆ ನೀಲಿ ಬಣ್ಣ ಬಳಿದಿದ್ದಾರೆ, ದಕ್ಷಿಣಾರ್ಧಕ್ಕೆ ಹಳದಿ. ಹಳೆಯದು 1967ರ ಬಾಂಬ್ ದಾಳಿಯಲ್ಲಿ ಮುರಿದುಬಿತ್ತು. ಈಗಿರುವುದು ಅದರ ಪುನರ್ನಿರ್ಮಾಣ. ಆಗ ಎರಡೂ ದಡಗಳಲ್ಲಿ ಎತ್ತರದ ಕಂಬಗಳಲ್ಲಿ ಬಾವುಟ ಹಾರಿಸಿ, ಧ್ವನಿವರ್ಧಕ ಕಟ್ಟಿ, ಹಗಲಿರುಳು ಎದುರು ದಡಕ್ಕೆ ಕೂಗುತ್ತಿದ್ದರಂತೆ. ನಾನು ಮರದ ಹಲಗೆಗಳ ಮೇಲೆ ನಡೆದು, ಬಣ್ಣ ಬದಲಾಗುವ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತೆ. ಕೆಳಗೆ ದೋಣಿಯೊಂದು ಬಲೆ ಬೀಸುತ್ತಿತ್ತು.

ಅಲ್ಲಿಂದ ಕಡಲ ಕಡೆಗೆ ವಿನ್ ಮೋಕ್ ಎಂಬ ಹಳ್ಳಿ. ಬಾಂಬಿನ ಸುರಿಮಳೆ ತಾಳಲಾರದೆ ಇಲ್ಲಿಯ ಜನ ಕೆಂಪು ಮಣ್ಣಿನಲ್ಲಿ ಮೂರು ಅಂತಸ್ತಿನ ಸುರಂಗ ತೋಡಿ ನೆಲದಡಿಯಲ್ಲಿ ಸಂಸಾರ ಹೂಡಿದರು. ಅಲ್ಲಿ ಹದಿನೇಳು ಮಕ್ಕಳು ಹುಟ್ಟಿದವು. ಬಾಣಂತಿಯರಿಗೆಂದು ಬಿಟ್ಟಿದ್ದ ಗೂಡಿನ ಮುಂದೆ ತಲೆ ಬಗ್ಗಿಸಿಕೊಂಡೇ ನಿಂತಿದ್ದೆ, ನೆಟ್ಟಗೆ ನಿಲ್ಲಲು ಎತ್ತರ ಸಾಲದು.

ಸಂಜೆ ದೋಂಗ್ ಹಾಗೆ ಮರಳಿ, 9ನೇ ಹೆದ್ದಾರಿಯ ಪಕ್ಕದ ಯೋಧರ ಸ್ಮಶಾನಕ್ಕೆ ಹೋದೆವು. ಹತ್ತು ಸಾವಿರಕ್ಕೂ ಹೆಚ್ಚು ಸಮಾಧಿಗಳಿರುವ ಈ ಜಾಗದಲ್ಲಿ ಸಾವಿರಾರು ಕಲ್ಲುಗಳ ಮೇಲೆ ಹೆಸರಿಲ್ಲ. 'ಚುವಾ ಬಿಯೆತ್ ತೆನ್' ಎಂಬ ಬರಹವನ್ನು ಮಾರ್ಗದರ್ಶಿ ಓದಿ ಹೇಳಿದಳು. ಹೆಸರು ಇನ್ನೂ ತಿಳಿದಿಲ್ಲ ಎಂದು ಅದರ ಅರ್ಥ. 'ಅನಾಮಿಕ' ಎಂದು ಬರೆದು ಮುಗಿಸಬಹುದಿತ್ತು. ಈ ಜನ 'ಇನ್ನೂ' ಎಂಬ ಪದವನ್ನು ಬಿಟ್ಟಿಲ್ಲ. ಆಕೆಯ ತಾಯಿಯ ಅಣ್ಣ 1972ರಲ್ಲಿ, ಎಂಬತ್ತೊಂದು ದಿನ ನಡೆದ ಕ್ವಾಂಗ್ ತ್ರಿ ಕೋಟೆಯ ಕಾಳಗದಲ್ಲಿ ತೀರಿಹೋದವನು. ಅವನೂ ಸಿಕ್ಕಿಲ್ಲ.

ಸೋತ ಪಕ್ಷದ, ಅಂದರೆ ದಕ್ಷಿಣ ವಿಯೆಟ್ನಾಮಿನ ಸೈನಿಕರ ಸಮಾಧಿಗಳು ಎಲ್ಲಿವೆ ಎಂದು ಕೇಳಿದೆ. ಆಕೆ ತಡೆದು ಉತ್ತರಿಸಿದಳು: "ಅವು ಇಂಥ ಕಡೆ ಇಲ್ಲ, ಚಿಕ್ಕಪ್ಪ." ಅವರ ದೊಡ್ಡ ಸ್ಮಶಾನ ದಕ್ಷಿಣದ ಬಿಯೆನ್ ಹೋವಾ ನಗರದ ಬಳಿ ಇದೆ. 2006ರವರೆಗೆ ಅದು ಸೈನ್ಯದ ಸುಪರ್ದಿಯಲ್ಲಿತ್ತು, ಸತ್ತವರ ಮನೆಯವರಿಗೆ ಅಲ್ಲಿಗೆ ಹೋಗುವುದು ಸುಲಭವಿರಲಿಲ್ಲ. ಕಡಲಾಚೆಯ ವೈರಿಯೊಡನೆ ರಾಜಿಯಾಗುವುದಕ್ಕಿಂತ ಒಡಹುಟ್ಟಿದವನೊಡನೆ ರಾಜಿಯಾಗುವುದು ಈ ದೇಶಕ್ಕೆ ಹೆಚ್ಚು ಕಷ್ಟವಾಗಿದೆ. ನನ್ನ ಕಣ್ಣಿಗೆ ಇಡೀ ಕಥೆಯಲ್ಲಿ ಮಾಗದೆ ಉಳಿದ ಗಾಯ ಇದೊಂದೇ.

ಹೆಸರಿಲ್ಲದವರನ್ನು ಗುರುತಿಸಲು ಸರ್ಕಾರ ಈಗ ಮಡಿದವರ ತಾಯಂದಿರಿಂದ, ತಾಯಿಯ ಕಡೆಯ ನೆಂಟರಿಂದ ಡಿಎನ್‌ಎ ಮಾದರಿ ಸಂಗ್ರಹಿಸುತ್ತಿದೆ. ಆ ತಂತ್ರಜ್ಞಾನಕ್ಕೂ ಯುದ್ಧಕಾಲದ ದಾಖಲೆಗಳ ಹುಡುಕಾಟಕ್ಕೂ ಕೈಜೋಡಿಸಲು ಅಮೆರಿಕ 2020ರಲ್ಲಿ ಒಪ್ಪಂದ ಮಾಡಿಕೊಂಡಿತು. ಮಾರ್ಗದರ್ಶಿಯ ಅಜ್ಜಿಗೆ ತೊಂಬತ್ತು ದಾಟಿದೆ. ಮಾದರಿ ಕೊಟ್ಟಾಗಿದೆ, ಉತ್ತರ ಬಂದಿಲ್ಲ. "ಅಜ್ಜಿ ಹೋಗಿಬಿಟ್ಟರೂ ಚಿಂತೆಯಿಲ್ಲವಂತೆ," ಎಂದಳು ಆಕೆ. "ಅಜ್ಜಿಯದ್ದು ಅಮ್ಮನಲ್ಲಿದೆ, ಅಮ್ಮನದ್ದು ನನ್ನಲ್ಲಿದೆ." ಚೀಲದಿಂದ ಊದುಬತ್ತಿಯ ಕಟ್ಟು ತೆಗೆದು ಅರ್ಧವನ್ನು ನನ್ನ ಕೈಗಿಟ್ಟಳು. ಹೆಸರಿಲ್ಲದ ಒಂದು ಸಾಲನ್ನು ಆಕೆ ಆ ತುದಿಯಿಂದ, ನಾನು ಈ ತುದಿಯಿಂದ ಹಿಡಿದು, ಕಲ್ಲಿಗೊಂದರಂತೆ ಹಚ್ಚುತ್ತ ಬಂದೆವು. ನಡುವೆ ಸೇರುವಾಗ ಇನ್ನೂ ಏಳು ಕಲ್ಲು ಉಳಿದಿದ್ದವು, ಬತ್ತಿ ಮುಗಿದಿತ್ತು. ಆಕೆ ಗೇಟಿನ ಬಳಿಯ ಅಂಗಡಿಗೆ ಇನ್ನೊಂದು ಕಟ್ಟು ತರಲು ಓಡಿದಳು.