ಪುಟ್ಟಿ ಅಂದರೆ 12 ಅಡಿ

“ಅದಕ್ಕೆ ನನ್ನ ಗುರುತು ಸಿಗುತ್ತೆ ಅಲ್ವಾ?”

ಕಳೆದ ಭಾನುವಾರದಿಂದ ಈ ಮಾತು ತಲೆಯೊಳಗೆ ಕೂತುಬಿಟ್ಟಿದೆ. ಕೇಳಿದವನು ನಮ್ಮ ಹಜಾರದಲ್ಲಿ ನಿಂತಿದ್ದ. ಹೊತ್ತು ತಂದ ಗಂಟನ್ನು ಆಗಷ್ಟೇ ಕೆಳಗಿಟ್ಟಿದ್ದ. ಖಾಲಿಯಾದ ಕೈಗಳನ್ನು ಏನು ಮಾಡಬೇಕು ಅಂತ ತಿಳಿಯದೆ ಒಮ್ಮೆ ಜೇಬಿಗೆ ಹಾಕುತ್ತಿದ್ದ, ಒಮ್ಮೆ ತೆಗೆಯುತ್ತಿದ್ದ. ಗಂಟು ಅಂದರೆ ಮಕ್ಕಳ ರಜಾಯಿಯ ಹೊದಿಕೆ. ಮೇಲೆಲ್ಲ ಕೆಂಪು, ಹಳದಿ ಕಾರಿನ ಚಿತ್ರ. ಆ ಕಾರುಗಳು ಮೆಲ್ಲಗೆ ಏರುತ್ತಿದ್ದವು, ಇಳಿಯುತ್ತಿದ್ದವು. ಒಳಗೆ ಬರ್ಮೀಸ್ ಹೆಬ್ಬಾವು ಉಸಿರಾಡುತ್ತಿತ್ತು. ಉದ್ದ 12 ಅಡಿ. ಹೆಸರು ಪುಟ್ಟಿ.

ನಾನು ಒಂದು ಕ್ಷಣವೂ ಯೋಚಿಸದೆ “ಇಲ್ಲ” ಅಂದೆ.

ಅವನು ತಲೆಯಾಡಿಸಿದ. ಅಷ್ಟೇ. ವಾದ ಮಾಡಿದ್ದರೆ ನನಗೂ ಸಮಾಧಾನ ಆಗುತ್ತಿತ್ತೋ ಏನೋ.

ನಿಜ ಹೇಳಬೇಕೆಂದರೆ ಅವನ ಮೇಲೆ ನನಗೆ ಮೊದಲೇ ಸಿಟ್ಟಿತ್ತು. ಸಾಕಿದ ಹಾವನ್ನು ಬಿಟ್ಟುಕೊಡುವವರನ್ನು ಕಂಡರೆ ನನಗಾಗುವುದಿಲ್ಲ. ಹನ್ನೊಂದು ವರ್ಷದಿಂದ ಎರಡು ಬಾಲ್ ಪೈಥಾನ್ ಸಾಕಿದ್ದೇನೆ, ಅವೂ ಹೆಬ್ಬಾವೇ, ಸಣ್ಣ ಜಾತಿ. ಈ ಅವಧಿಯಲ್ಲಿ ಬಂದ ಫೋನುಗಳಿಗೆ ಲೆಕ್ಕ ಇಲ್ಲ. ಎಲ್ಲರ ಕಥೆಯೂ ಒಂದೇ. ಮನೆ ಬದಲಾಯಿತು, ಮದುವೆಯಾಯಿತು, ಹಾವು ಬೆಳೆಯಿತು. ಹಾವು ಬೆಳೆಯುತ್ತೆ ಸ್ವಾಮಿ, ಇನ್ನೇನು ಮಾಡುತ್ತೆ?

ಇವನೂ ಫೋನಿನಲ್ಲಿ ಅದೇ ಹೇಳಿದ. “ತಂದಾಗ ಎರಡು ಅಡಿ ಇತ್ತು. ಮಣಿಕಟ್ಟಿಗೆ ಬಳೆ ಥರ ಸುತ್ತಿಕೊಳ್ತಿತ್ತು. ಗಾಜಿನ ಪೆಟ್ಟಿಗೆ ಎಷ್ಟಿದೆಯೋ ಅಷ್ಟೇ ಬೆಳೆಯುತ್ತೆ ಅಂತ ಕೊಟ್ಟವರು ಹೇಳಿದ್ರು.” ಈ ಸುಳ್ಳಿಗೆ ಎಷ್ಟು ವಯಸ್ಸಾಗಿದೆಯೋ! ಪೆಟ್ಟಿಗೆ ನೋಡಿಕೊಂಡು ಯಾವ ಹಾವೂ ಬೆಳೆಯುವುದಿಲ್ಲ. ಇಕ್ಕಟ್ಟಿನಲ್ಲಿಟ್ಟರೆ ಕಾಯಿಲೆ ಬೀಳುತ್ತದೆ, ಅಷ್ಟೇ. ಚೆನ್ನಾಗಿ ತಿಂದ ಬರ್ಮೀಸ್ ಮರಿ ಎರಡು ವರ್ಷದಲ್ಲಿ 8 ಅಡಿ ದಾಟುವುದು ಮಾಮೂಲು. ಹೆಣ್ಣು ಗಂಡಿಗಿಂತ ದೊಡ್ಡದಾಗುತ್ತದೆ. ಪುಟ್ಟಿ ಹೆಣ್ಣು.

ಇರಲಿ. ಕಾಗದಪತ್ರ ಮಾತ್ರ ಸರಿಯಾಗಿಟ್ಟಿದ್ದ. ಸಾಕಣೆಯಲ್ಲೇ ಹುಟ್ಟಿದ ಹಾವು ಅನ್ನುವುದಕ್ಕೆ ದಾಖಲೆ ಇತ್ತು. ಇಲ್ಲದಿದ್ದರೆ ನಾನು ಬಾಗಿಲೇ ತೆಗೆಯುತ್ತಿರಲಿಲ್ಲ. ಹೆಬ್ಬಾವಿನ ಜಾತಿಗಳೆಲ್ಲ ಸೈಟೀಸ್ ಅನ್ನುವ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿವೆ. ಗಡಿ ದಾಟಿಸುವುದಕ್ಕೆ ಪರವಾನಗಿ ಬೇಕು. ಮನೆಯಲ್ಲಿ ಯಾವುದನ್ನು ಇಡಬಹುದು, ಯಾವುದನ್ನು ಇಡಬಾರದು ಅನ್ನುವ ಕಾನೂನು ಒಂದೊಂದು ಕಡೆ ಒಂದೊಂದು ಥರ. ಕಾಡಿನಿಂದ ಹಿಡಿದು ತಂದದ್ದನ್ನಂತೂ ಮುಟ್ಟಲೇಬಾರದು. ಈ ಬರ್ಮೀಸ್ ಹೆಬ್ಬಾವು ತನ್ನ ಸ್ವಂತ ನೆಲವಾದ ಆಗ್ನೇಯ ಏಷ್ಯಾದಲ್ಲೇ ಕಡಿಮೆಯಾಗುತ್ತಾ ಬಂದಿದೆ. ಅಳಿವಿನ ಅಪಾಯವಿರುವ ಪ್ರಾಣಿಗಳ ಸಾಲಿನಲ್ಲಿದೆ.

ಕಾಗದದ ಜೊತೆಗೆ ಒಂದು ನೋಟ್‌ಬುಕ್ಕನ್ನೂ ಕೊಟ್ಟ. ಆರು ವರ್ಷದ ಲೆಕ್ಕ. ಯಾವತ್ತು ತಿಂದಳು, ಯಾವತ್ತು ಪೊರೆ ಬಿಟ್ಟಳು, ಯಾವತ್ತು ಕಣ್ಣು ಮಂಜಾಯಿತು, ಎಲ್ಲ ಇದೆ. ಒಂದು ಕಡೆ “ಇವತ್ತು ಪೊರೆ ಇಡಿಯಾಗಿ ಬಂತು, ಕಣ್ಣಿನ ಪೊರೆ ಸಮೇತ!!” ಅಂತ ಎರಡು ಆಶ್ಚರ್ಯಸೂಚಕ ಹಾಕಿ ಬರೆದಿದ್ದಾನೆ. ಆ ಪುಟ ನೋಡಿದ ಮೇಲೆ ನನ್ನ ಸಿಟ್ಟು ಸ್ವಲ್ಪ ಸಡಿಲವಾಯಿತು.

ಊಟದ ಪುಟ ನೋಡಿದೆ, ಮತ್ತೆ ಬಿಗಿಯಾಯಿತು.

ವಾರಕ್ಕೊಂದು ಮೊಲ. ತಪ್ಪದೆ. ಬೆಳೆದ ಬರ್ಮೀಸ್‌ಗೆ ಮೂರು ನಾಲ್ಕು ವಾರಕ್ಕೊಮ್ಮೆ ಕೊಟ್ಟರೆ ಸಾಕು. ಅದಕ್ಕಿಂತ ಜಾಸ್ತಿ ದಿನ ಬಿಟ್ಟು ಕೊಡುವವರೂ ಇದ್ದಾರೆ. ಹೊದಿಕೆಯ ಸಮೇತ ತೂಕದ ಯಂತ್ರದ ಮೇಲಿಟ್ಟು ಆಮೇಲೆ ಹೊದಿಕೆಯ ತೂಕ ಕಳೆದೆವು. 31 ಕೆಜಿ. ಈ ಉದ್ದಕ್ಕೆ ಜಾಸ್ತಿಯೇ. ಮೈ ನೆಟ್ಟಗೆ ಚಾಚಿಕೊಂಡಾಗಲೂ ಹುರುಪೆಗಳ ನಡುವಿನ ಚರ್ಮ ಕಾಣುತ್ತಿತ್ತು. ಬಾಲ ಶುರುವಾಗುವ ಕಡೆ ಮೈ ಒಮ್ಮೆಲೇ ತೆಳ್ಳಗಾಗಿತ್ತು. ಇವೆರಡೂ ಕೊಬ್ಬಿನ ಗುರುತು. ಹೆಬ್ಬಾವಿಗೆ ಒಂದೊಂದು ಊಟವೂ ದೊಡ್ಡ ಕೆಲಸ. ದೊಡ್ಡ ತುತ್ತು ನುಂಗಿದ ಎರಡೇ ದಿನದಲ್ಲಿ ಅದರ ಹೃದಯ ಶೇಕಡಾ 40ರಷ್ಟು ದಪ್ಪವಾಗುತ್ತದೆ, ಅರಗಿದ ಮೇಲೆ ಮತ್ತೆ ಕುಗ್ಗುತ್ತದೆ. 2005ರಲ್ಲಿ ಇದೇ ಜಾತಿಯ ಹಾವಿನಲ್ಲಿ ಅಳೆದು ನೋಡಿದ್ದರು. ವಾರವಾರವೂ ಈ ಕೆಲಸ ಹಚ್ಚಿದರೆ ಆ ಜೀವಕ್ಕೆ ಬಿಡುವೆಲ್ಲಿ?

“ಅವಳು ಕೇಳ್ತಾಳೆ. ಗಾಜಿನ ಹತ್ತಿರ ಬಂದು ನನ್ನನ್ನೇ ನೋಡ್ತಾಳೆ” ಅಂದ.

ಅದೂ ನಿಜ. ಗಾಜಿನಾಚೆ ಏನೋ ಬೆಚ್ಚಗಿನದು ಅಲುಗಿದರೆ ಹೆಬ್ಬಾವು ತಿರುಗಿ ನೋಡುತ್ತದೆ. ತುಟಿಯ ಮೇಲಿರುವ ಸಣ್ಣ ಗುಳಿಗಳಿಂದ ಬಿಸಿಯನ್ನು ಹಿಡಿಯುತ್ತದೆ. ಬಾಗಿಲು ತೆಗೆದಾಗಲೆಲ್ಲ ಮೊಲ ಬರುತ್ತದೆ ಅಂತಾದರೆ, ಬಾಗಿಲು ತೆಗೆಯುವ ಕೈಯೂ ಒಂದು ದಿನ ಮೊಲವೇ. ಅದಕ್ಕೇ ನಾವು ಮೊದಲು ಹುಕ್‌ನಿಂದ, ಅಂದರೆ ತುದಿ ಬಾಗಿದ ಕೋಲಿನಿಂದ, ಮೈಯನ್ನು ಮೆಲ್ಲಗೆ ಮುಟ್ಟುತ್ತೇವೆ. ಈಗ ಊಟವಿಲ್ಲ ಅಂತ ಅದರ ಅರ್ಥ. ಕೆಲವೇ ವಾರದಲ್ಲಿ ಕಲಿಯುತ್ತವೆ. ಅವನ ಮನೆಯಲ್ಲಿ ಹುಕ್ ಇರಲಿಲ್ಲ. “ಕೋಲಿನಲ್ಲಿ ತಿವಿಯೋದು ಪಾಪ ಅನ್ನಿಸ್ತು” ಅಂದ. ಆರು ವರ್ಷ ಒಬ್ಬನೇ ಎತ್ತಿದ್ದಾನೆ, ಒಬ್ಬನೇ ತೊಳೆದಿದ್ದಾನೆ, ಒಬ್ಬನೇ ಉಣಿಸಿದ್ದಾನೆ. ಅವನ ಹೆಂಡತಿ ಆ ಕೋಣೆಗೆ ಕಾಲಿಡುತ್ತಿರಲಿಲ್ಲವಂತೆ. ನನಗೆ ಮೈ ಜುಮ್ಮೆಂದಿತು.

ಎಂಟು ಅಡಿ ದಾಟಿದ ಹೆಬ್ಬಾವಿನ ಪೆಟ್ಟಿಗೆಯನ್ನು ಒಬ್ಬರೇ ಇದ್ದಾಗ ತೆಗೆಯಬಾರದು. ಇದು ಸಾಕುವವರೆಲ್ಲ ಹೇಳುವ ಮಾತು. ಹೆಬ್ಬಾವು ಉಸಿರು ಕಟ್ಟಿಸಿ ಕೊಲ್ಲುತ್ತದೆ ಅಂತ ನಾವೆಲ್ಲ ಓದಿದ್ದೆವಲ್ಲ. 2015ರಲ್ಲಿ ಬೋವಾ ಹಾವುಗಳು (ಇವೂ ಹೆಬ್ಬಾವಿನ ಹಾಗೆ ಸುತ್ತಿ ಕೊಲ್ಲುತ್ತವೆ) ಇಲಿಯನ್ನು ಹಿಡಿದಾಗ ಅಳೆದು ನೋಡಿದರು. ಉಸಿರಿಗಿಂತ ಮೊದಲು ರಕ್ತದ ಓಡಾಟವೇ ನಿಲ್ಲುತ್ತದೆ, ಅದೂ ಕೆಲವೇ ಸೆಕೆಂಡಿನಲ್ಲಿ. ಮನುಷ್ಯ ಇಲಿಯಲ್ಲ, ಸರಿ. ಆದರೆ ಕುತ್ತಿಗೆಗೆ ಸುತ್ತು ಬಿದ್ದರೆ ಯೋಚಿಸುವುದಕ್ಕೆ ಜಾಸ್ತಿ ಹೊತ್ತು ಸಿಗುವುದಿಲ್ಲ. ಎರಡನೆಯವರು ಬಾಲದ ಕಡೆಯಿಂದ ಸುತ್ತು ಬಿಡಿಸಬೇಕು. ನಡುವೆ ಹಿಡಿದೆಳೆದರೆ ಇನ್ನೂ ಬಿಗಿಯುತ್ತದೆ.

ನಮ್ಮನೆಯಲ್ಲಿ ಎರಡನೆಯವರು ಅಂದರೆ ನಮ್ಮನೆಯವರೇ. ಹಾವಿನ ಮೇಲೆ ಅವರಿಗೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ನೆಂಟರ ಮನೆಯ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಳ್ಳುತ್ತಾರೆ, ಬೇಗ ಕೊಟ್ಟುಬಿಡುತ್ತಾರೆ. ಭಾನುವಾರ ಪುಟ್ಟಿಯನ್ನು ಹೊಸ ಪೆಟ್ಟಿಗೆಗೆ ಇಳಿಸುವಾಗ ಅವರು ನಡುಭಾಗ ಹಿಡಿದಿದ್ದರು. ಇಳಿಸಿ ಆದ ಮೇಲೆ ಎದ್ದು ನಿಲ್ಲಲಿಕ್ಕೆ ಗೋಡೆ ಹಿಡಿದುಕೊಂಡರು. ಏನೂ ಅನ್ನಲಿಲ್ಲ. ಸೊಂಟ ನೋವು ಅವರಿಗೆ ಹಳೆಯದು. ನಾನು ಹೆಬ್ಬಾವನ್ನು ಒಪ್ಪಿಕೊಳ್ಳುವಾಗ ಪೆಟ್ಟಿಗೆಯ ಉದ್ದ ಅಳೆದಿದ್ದೆ, ಥರ್ಮೋಸ್ಟಾಟ್ ಪರೀಕ್ಷಿಸಿದ್ದೆ, ಬಿಸಿ ಬದಿಗೆ 32 ಡಿಗ್ರಿ, ತಂಪಿನ ಬದಿಗೆ 26 ಅಂತ ಎರಡು ದಿನ ಓಡಿಸಿ ನೋಡಿದ್ದೆ. ಬಲ್ಬಿಗೆ ಜಾಲರಿ, ಬಾಗಿಲಿಗೆ ಎರಡು ಬೀಗ, ಮೈ ಮುಳುಗುವಷ್ಟು ನೀರಿನ ತೊಟ್ಟಿ. ಅವರ ಸೊಂಟವನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅವನು ಹೋದ ಮೇಲೆ ಆ ಕಾರಿನ ಹೊದಿಕೆಯನ್ನು ಕುದಿಯುವ ನೀರಿಗೆ ಹಾಕಿದೆ. ಅದು ರೂಢಿ. ಹೊಸ ಹಾವಿನ ಜೊತೆ ಉಣ್ಣೆಹುಳದಂಥ ಸಣ್ಣ ಮೈಟ್‌ಗಳು ಬಂದಿರಬಹುದು. ಕಣ್ಣಿನ ಸುತ್ತ, ನೀರಿನ ತೊಟ್ಟಿಯಲ್ಲಿ ಕರಿ ಚುಕ್ಕೆ ಕಂಡರೆ ಅದೇ. ಹೊರಗೆ ಕಾಣದ ವೈರಸ್ ಕಾಯಿಲೆಗಳೂ ಇವೆ. ಹಾಗಾಗಿ ಮೂರು ತಿಂಗಳು ಬೇರೆ ಕೋಣೆ, ಬೇರೆ ಹುಕ್, ಬೇರೆ ಬಟ್ಟಲು. ಮೊದಲು ಹಳೆಯವುಗಳ ಕೆಲಸ, ಕೊನೆಗೆ ಹೊಸದರ ಕೆಲಸ, ಆಮೇಲೆ ಸೋಪು ಹಾಕಿ ಕೈತೊಳೆಯುವುದು. ನಮ್ಮ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹಾವಿನ ಮೈಮೇಲೆ ಸುಮ್ನೆ ಕೂತಿರುತ್ತದೆ, ಹಾವಿಗೇನೂ ಆಗಿರುವುದಿಲ್ಲ.

ಹೊದಿಕೆ ಹಿಂಡುತ್ತಿರುವಾಗ ಮತ್ತೆ ಆ ಮಾತು. ಗುರುತು ಸಿಗುತ್ತೆ ಅಲ್ವಾ?

ನಾನು ಹೇಳಿದ್ದು ಪೂರ್ತಿ ಸರಿಯಲ್ಲ. ಹಾವು ನಾಲಿಗೆ ಚಾಚಿ ವಾಸನೆಯ ಕಣಗಳನ್ನು ಒಳಗೆಳೆದುಕೊಳ್ಳುತ್ತದೆ, ಬಾಯಿಯ ಅಂಗುಳದ ಮೇಲಿರುವ ಜಾಕೋಬ್ಸನ್ ಅಂಗ ಅದನ್ನು ಓದುತ್ತದೆ. ಅದರ ಲೋಕ ಅಲ್ಲಿದೆ. ಆರು ವರ್ಷ ಅವನ ಕೈಯ ವಾಸನೆಯಲ್ಲೇ ಬದುಕಿದೆ. ರೂಢಿಯಾದ ವಾಸನೆಗೂ ಹೊಸ ವಾಸನೆಗೂ ಇರುವ ವ್ಯತ್ಯಾಸ ಅದಕ್ಕೆ ಖಂಡಿತ ಗೊತ್ತು. ಅಷ್ಟಾದರೂ ಹೇಳಬಹುದಿತ್ತು. ಅವನು ಕೇಳಿದ್ದು ಅದನ್ನಲ್ಲ, ಅದೂ ನಿಜ. ನನ್ನನ್ನು ಹುಡುಕುತ್ತಾ ಅಂತ ಕೇಳಿದ್ದ. ನಾನು ಪಾಠ ಹೇಳುವ ಧಾಟಿಯಲ್ಲಿ ಒಂದೇ ಮಾತಿನಲ್ಲಿ ಮುಗಿಸಿದೆ. ಈಗ ಅವನ ಕೈಯ ವಾಸನೆಯಿದ್ದ ಒಂದೇ ಬಟ್ಟೆಯನ್ನೂ ಕುದಿಸಿ ಹಿಂಡುತ್ತಿದ್ದೆ.

ಸೋಮವಾರ ಅವನ ಫೋನ್. “ತಿಂದಳಾ?” ಇನ್ನೂ ಒಂದೆರಡು ವಾರ ಏನೂ ಕೊಡುವುದಿಲ್ಲ ಅಂದೆ. ಹೊಸ ಜಾಗಕ್ಕೆ ಬಂದ ಹಾವನ್ನು ಅದರ ಪಾಡಿಗೆ ಬಿಡಬೇಕು, ಮುಟ್ಟಲೂಬಾರದು. “ಪಾಪ, ಹಸಿದಿರ್ತಾಳೆ” ಅಂದ. ಆ ಸೊಂಟದಳತೆಗೆ ಅವಳು ತಿಂಗಳುಗಟ್ಟಲೆ ಹಸಿದಿದ್ದರೂ ಏನೂ ಆಗದು ಅಂತ ಬಾಯಿಗೆ ಬಂತು, ನುಂಗಿಕೊಂಡೆ. ಮಂಗಳವಾರ ರಾತ್ರಿ ಪುಟ್ಟಿ ಮೂಗಿನಿಂದ ಬಾಗಿಲಿನ ಅಂಚನ್ನು ಒತ್ತುತ್ತಾ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತಿದ್ದಳು. ಗಾಜಿನ ಮೇಲೆ ಸರ್ ಸರ್ ಸದ್ದು. ಬೀಗ ಎರಡೂ ಹಾಕಿದೆಯಾ ಅಂತ ನಾನು ಮೂರು ಸಲ ಎದ್ದು ನೋಡಿದೆ.

ಮೂರನೇ ಸಲ ಎದ್ದಾಗ ಅವನ ಮನೆಯ ರಾತ್ರಿಗಳು ಕಣ್ಣಿಗೆ ಬಂದವು. ಅದೇ ಸದ್ದು. ಪಕ್ಕದ ಕೋಣೆಯಲ್ಲಿ ಎಂಟು ತಿಂಗಳ ಮಗು. 2009ರಲ್ಲಿ ಫ್ಲೋರಿಡಾದ ಒಂದು ಮನೆಯಲ್ಲಿ ಪೆಟ್ಟಿಗೆಯಿಂದ ಹೊರಬಂದ ಬರ್ಮೀಸ್ ಹೆಬ್ಬಾವು ಎರಡು ವರ್ಷದ ಮಗುವನ್ನು ಕೊಂದಿತು. ಆ ಹಾವು ಪುಟ್ಟಿಗಿಂತ ಚಿಕ್ಕದು, ಎಂಟೂವರೆ ಅಡಿ. ಇವನು ಅದನ್ನು ಓದಿದ್ದನಂತೆ. ಓದಿದ ಮೇಲೆ ಎರಡು ತಿಂಗಳು ಆ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸಿ ಮಲಗಿದ್ದಾನೆ. ಭಾನುವಾರ ಇದನ್ನು ಹೇಳಿದಾಗ ನಾನು ತೂಕ ಬರೆದುಕೊಳ್ಳುತ್ತಿದ್ದೆ, ಹೂಂ ಅಂದಿದ್ದೆ.

ಅವನು ಮಾಡದ ಒಂದು ಕೆಲಸವೂ ಇದೆ. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ರಾತ್ರೋರಾತ್ರಿ ತೆಗೆದುಕೊಂಡು ಹೋಗಿ ಎಲ್ಲೋ ಕೆರೆಯ ಪಕ್ಕ ಬಿಟ್ಟು ಬರಲಿಲ್ಲ. ಫ್ಲೋರಿಡಾದ ಎವರ್‌ಗ್ಲೇಡ್ಸ್ ಜೌಗು ಪ್ರದೇಶದಲ್ಲಿ ಹಾಗೆ ಬಿಟ್ಟವು, ತಪ್ಪಿಸಿಕೊಂಡವು ಸೇರಿ ಸಂಸಾರ ಕಟ್ಟಿಕೊಂಡವು. ಅಲ್ಲಿ ಅವು ನೆಲೆಯಾಗಿವೆ ಅಂತ 2000ದ ಹೊತ್ತಿಗೆ ಒಪ್ಪಿಕೊಂಡರು. 2012ರಲ್ಲಿ ಬಂದ ಅಧ್ಯಯನದಲ್ಲಿ ರಸ್ತೆಬದಿ ಕಾಣುವ ರಕೂನ್ ಅನ್ನುವ ಸಣ್ಣ ಪ್ರಾಣಿಗಳ ಎಣಿಕೆ ಶೇಕಡಾ 99ರಷ್ಟು ಬಿದ್ದಿತ್ತು. ಅದೇ ವರ್ಷ ಅಮೆರಿಕ ಈ ಹಾವಿನ ಆಮದು ನಿಲ್ಲಿಸಿತು. “ಕಾಡಿಗೆ ಬಿಟ್ಟರೆ ಪುಣ್ಯ” ಅನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ. ಇವನಿಗೆ ಹೇಳಬೇಕಾಗಿ ಬರಲಿಲ್ಲ. ನಾಲ್ಕು ತಿಂಗಳು ಹತ್ತಾರು ಜನರಿಗೆ ಫೋನ್ ಮಾಡಿ, ಬೈಸಿಕೊಂಡು, ಕೊನೆಗೆ ನನ್ನ ಹತ್ತಿರ ಬಂದಿದ್ದ. ನಾನೂ ಬೈದೆ.

ಬುಧವಾರ ಕೂತು ಲೆಕ್ಕ ಹಾಕಿದೆ. ಈ ಹಾವುಗಳು ಇಪ್ಪತ್ತು ವರ್ಷ ಆರಾಮಾಗಿ ಬದುಕುತ್ತವೆ, ಇನ್ನೂ ಜಾಸ್ತಿ ಬದುಕಿದವೂ ಇವೆ. ಪುಟ್ಟಿಗೆ ಆರು. ನನಗೆ 48. ಅವಳಿಗೆ 25 ಆದರೆ ನನಗೆ 67. ಆಗ ನಮ್ಮನೆಯವರ ಸೊಂಟ ಎಲ್ಲಿರುತ್ತೆ? ಅವಳ ತಲೆಯ ಕಡೆ ಹಿಡಿಯಲು ನನ್ನ ಕೈಯಲ್ಲಿ ಕಸುವಿರುತ್ತಾ? ನನ್ನದು ಮುಗಿದರೆ ಇವಳು ಯಾರ ಹಜಾರಕ್ಕೆ, ಯಾವ ಹೊದಿಕೆಯಲ್ಲಿ ಹೋಗುತ್ತಾಳೆ? ಆ ಮನೆಯವರು ನನ್ನ ನೋಟ್‌ಬುಕ್ ತಿರುವಿ ಹಾಕುತ್ತಾ ನನ್ನನ್ನು ಬೈಯುತ್ತಾರೆ. ಬೈಯಲಿ ಬಿಡಿ. ಆದರೆ ನಾನೂ ಅಲ್ಲಿ ನಿಂತು, ಕೈಯನ್ನು ಒಮ್ಮೆ ಜೇಬಿಗೆ ಹಾಕಿ ಒಮ್ಮೆ ತೆಗೆದು, ಅದೇ ಪ್ರಶ್ನೆ ಕೇಳುತ್ತೇನೆ ಅಂತ ಕಾಣುತ್ತದೆ. ಉತ್ತರ ಗೊತ್ತಿದ್ದೂ.

ಶುಕ್ರವಾರ ಅವನ ಮೆಸೇಜ್ ಬಂತು. “ಆ ಹೊದಿಕೆ ವಾಪಸ್ ಬೇಕಿತ್ತು. ಮಗಳು ಹುಡುಕ್ತಿದಾಳೆ.”

ಎಂಟು ತಿಂಗಳ ಮಗು ಕಾರಿನ ಚಿತ್ರದ ಹೊದಿಕೆ ಹುಡುಕುತ್ತಂತೆ. ನಮ್ಮನೆಯವರಿಗೆ ಓದಿ ಹೇಳಿದೆ. ಅವರು ನಕ್ಕರು, ನಗುವಾಗ ಸೊಂಟ ಹಿಡಿದುಕೊಂಡರು.

“ಭಾನುವಾರ ಬನ್ನಿ” ಅಂತ ಬರೆದೆ. ಕಳಿಸಿದೆ. ಆಮೇಲೆ ಇನ್ನೊಂದು ಬರೆದೆ. “ಒಂದು ಗಂಟೆ ಬಿಡುವು ಮಾಡಿಕೊಂಡು ಬನ್ನಿ. ಮೊಲ ಮುಟ್ಟಿದ ಕೈಯಲ್ಲಿ ಬರಬೇಡಿ. ಪೆಟ್ಟಿಗೆ ತೊಳೆಯಬೇಕು, ಅವಳನ್ನು ಎತ್ತಲು ಇನ್ನೊಬ್ಬರು ಬೇಕು. ಹುಕ್ ಹಿಡಿಯುವುದನ್ನು ನಾನು ಹೇಳಿಕೊಡ್ತೀನಿ.”

ಅರ್ಧ ನಿಮಿಷವೂ ಆಗಿರಲಿಲ್ಲ.

“ಎಷ್ಟು ಗಂಟೆಗೆ?”