ಹದಿನಾಲ್ಕು ಸೂಜಿಯ ಭಯವೂ ಕೂನೂರಿನ ಲಸಿಕೆಯೂ

ಊರಿನಿಂದ ನೀಲಗಿರಿ ನೋಡಲು ಬಂದವರು ಕೂನೂರಿನ ಸಿಮ್ಸ್ ಪಾರ್ಕಿಗೆ ಹೋಗದೆ ಹಿಂದಿರುಗುವುದಿಲ್ಲ. ಆದರೆ ಆ ಪಾರ್ಕಿನ ಬಳಿಯೇ ಇರುವ ಪಾಶ್ಚರ್ ಸಂಸ್ಥೆಯ ಬಗ್ಗೆ ವಿಚಾರಿಸಿದವರನ್ನು ನಾನಿನ್ನೂ ಕಂಡಿಲ್ಲ. ಗುಂಡ್ಲುಪೇಟೆ ತಾಲ್ಲೂಕಿನಿಂದ ಬಂದು ಇಲ್ಲಿನ ಶಾಲೆಯೊಂದರಲ್ಲಿ ಪಾಠ ಹೇಳಿಕೊಂಡಿರುವ ನಾನು ಆ ಸಂಸ್ಥೆಯ ಬಗ್ಗೆ ಬರೆಯಲು ಕಾರಣವಿದೆ. ನಾಯಿ ಕಡಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುತ್ತಾರೆಂಬ ಭಯ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಬದುಕಿದೆ. ಆ ಭಯಕ್ಕೆ ಮೂಲವಾದ ರೇಬೀಸ್ (ಹುಚ್ಚುನಾಯಿ ರೋಗದ) ಲಸಿಕೆಯನ್ನು ದಶಕಗಳ ಕಾಲ ತಯಾರಿಸಿದ್ದೂ, ಅದರ ಜಾಗಕ್ಕೆ ಬಂದ ಹೊಸ ಬಗೆಯ ಲಸಿಕೆಯನ್ನು ತಯಾರಿಸಿದ್ದೂ ಇದೇ ಆವರಣದಲ್ಲಿ.

ಕಳೆದ ಬೇಸಿಗೆಯಲ್ಲಿ ತೆರಕಣಾಂಬಿ ಕಡೆಯ ನನ್ನ ಚಿಕ್ಕಮ್ಮ ಫೋನು ಮಾಡಿ, ಮೊಮ್ಮಗನಿಗೆ ಬೀದಿನಾಯಿ ಹಲ್ಲು ತಾಗಿಸಿದೆಯೆಂದೂ, ಗಾಯಕ್ಕೆ ಸುಣ್ಣ ಹಚ್ಚಿ ನಾಟಿ ಮದ್ದು ಕೊಡಿಸಲು ಹೊರಟಿದ್ದಾರೆಂದೂ ತಿಳಿಸಿದರು. ಆಸ್ಪತ್ರೆಗೆ ಏಕೆ ಹೋಗಲಿಲ್ಲವೆಂದು ಕೇಳಿದಾಗ ಅವರು ಹೇಳಿದ್ದಿಷ್ಟೆ: “ಹೊಕ್ಕಳ ಸುತ್ತ ಹದ್ನಾಕು ಸೂಜಿ ಹಾಕ್ತಾರಂತಲ್ಲಪ್ಪ, ಕೂಸು ತಡ್ಕಂಡದಾ?” ಮಗುವಿನ ಮೇಲಿನ ಕನಿಕರವೇ ಅದನ್ನು ಆಸ್ಪತ್ರೆಯಿಂದ ದೂರವಿಡುತ್ತಿತ್ತು. ಅದನ್ನು ಬರಿಯ ಮೌಢ್ಯವೆಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ, ಏಕೆಂದರೆ ಅವರು ಹೇಳಿದ ಚಿಕಿತ್ಸೆ ಒಂದು ಕಾಲದಲ್ಲಿ ನಿಜವಾಗಿಯೇ ಇತ್ತು.

ಲೂಯಿ ಪಾಶ್ಚರ್ 1885ರ ಜುಲೈನಲ್ಲಿ ಹುಚ್ಚುನಾಯಿ ಕಡಿದಿದ್ದ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಮೊದಲ ಬಾರಿಗೆ ಲಸಿಕೆ ಕೊಟ್ಟ ಮೇಲೆ, ಆ ಚಿಕಿತ್ಸೆ ಭಾರತಕ್ಕೆ ಬರಲು ಹದಿನೈದು ವರ್ಷ ಹಿಡಿಯಿತು. 1900ರಲ್ಲಿ ಈಗಿನ ಹಿಮಾಚಲದ ಕಸೌಲಿಯಲ್ಲಿ ಮೊದಲ ಕೇಂದ್ರ ತೆರೆಯಿತಾದರೂ ದಕ್ಷಿಣದವರಿಗೆ ಅದು ದಿನಗಟ್ಟಲೆ ರೈಲು ಪ್ರಯಾಣದ ದೂರ. 1902ರಲ್ಲಿ ದಕ್ಷಿಣದಲ್ಲಿದ್ದ ಆಂಗ್ಲ ಯುವತಿಯೊಬ್ಬಳು ಹುಚ್ಚುನಾಯಿ ಕಡಿದು ಸತ್ತ ಬಳಿಕ ಇಲ್ಲಿಯೂ ಒಂದು ಕೇಂದ್ರ ಬೇಕೆಂಬ ಒತ್ತಾಯ ಬಲಗೊಂಡಿತು. ಅಮೆರಿಕದ ದಾನಿ ಹೆನ್ರಿ ಫಿಪ್ಸ್ ಕೊಟ್ಟಿದ್ದ ಹಣದ ನೆರವಿನಿಂದ 1907ರಲ್ಲಿ ಕೂನೂರಿನ ಸಂಸ್ಥೆ ಆರಂಭವಾಯಿತು. (ಆಂಗ್ಲರ ಮನೆಯ ಒಂದು ಸಾವಿಗೆ ಸಿಕ್ಕ ಗಮನ, ಅದಕ್ಕೆ ಮೊದಲು ನಮ್ಮ ಹಳ್ಳಿಗಳಲ್ಲಿ ಆದ ಸಾವುಗಳಿಗೆ ಸಿಕ್ಕಿರಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.)

1911ರಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯವಿಜ್ಞಾನಿ ಕಸೌಲಿಯಲ್ಲಿ ರೂಪಿಸಿದ ಲಸಿಕೆ ಮುಂದೆ ದೇಶದಾದ್ಯಂತ ಬಳಕೆಗೆ ಬಂತು. ಕುರಿಯ ಮಿದುಳಿನಲ್ಲಿ ವೈರಾಣುವನ್ನು ಬೆಳೆಸಿ, ಆ ಮಿದುಳನ್ನು ಅರೆದು, ಫೀನಾಲ್ ಎಂಬ ರಾಸಾಯನಿಕ ಬೆರೆಸಿ ವೈರಾಣುವನ್ನು ನಿಷ್ಕ್ರಿಯಗೊಳಿಸಿದರೆ ಲಸಿಕೆ ಸಿದ್ಧ. ಅದರ ಶಕ್ತಿ ಕಡಿಮೆಯಾದ್ದರಿಂದ ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ದಿನ ಕೊಡಬೇಕಾಗಿತ್ತು. ಅಷ್ಟು ದ್ರವವನ್ನು ಚರ್ಮದಡಿಗೆ ಸೇರಿಸಲು ಹೊಟ್ಟೆಯ ಭಾಗವೇ ಅನುಕೂಲವಾಗಿದ್ದರಿಂದ ಹೊಕ್ಕುಳ ಸುತ್ತಲಿನ ಸೂಜಿಗಳ ಕತೆ ಹುಟ್ಟಿತು. ನೋವಿಗಿಂತ ದೊಡ್ಡ ತೊಂದರೆಯೂ ಒಂದಿತ್ತು. ಲಸಿಕೆಯೊಡನೆ ಮೈಯೊಳಗೆ ಹೋದ ಕುರಿಯ ಮಿದುಳಿನ ಅಂಶದ ವಿರುದ್ಧ ದೇಹ ಸಿಡಿದೆದ್ದು, ಅಪರೂಪಕ್ಕೆ ಕೆಲವರಲ್ಲಿ ತನ್ನದೇ ನರಗಳ ಹೊದಿಕೆಯನ್ನು ಹಾಳುಮಾಡಿ ಪಾರ್ಶ್ವವಾಯು ತರುತ್ತಿತ್ತು. ಈ ಬಗೆಯ ಲಸಿಕೆಯನ್ನು ಕೈಬಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1984ರಲ್ಲಿಯೇ ಹೇಳಿದ್ದರೂ ನಮ್ಮ ದೇಶದಲ್ಲಿ ಅದರ ತಯಾರಿಕೆ ನಿಂತದ್ದು 2004ರ ಕೊನೆಯಲ್ಲಿ. ಬಡವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತಿದ್ದುದು ಅದೊಂದೇ ಆಗಿದ್ದರಿಂದ ಇಷ್ಟು ತಡವಾಯಿತೆನ್ನುವುದು ಸಮಜಾಯಿಷಿಯಾದೀತೇ ಹೊರತು ಸಮರ್ಥನೆಯಾಗದು.

ಅದರ ಜಾಗಕ್ಕೆ ಬಂದದ್ದು ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆ. ಜಪಾನಿನ ವಿಜ್ಞಾನಿಗಳು 1962ರಲ್ಲಿ ಆಫ್ರಿಕಾದ ಹಸಿರು ಕೋತಿಯ ಮೂತ್ರಪಿಂಡದಿಂದ ಪಡೆದು ಬೆಳೆಸಿದ ‘ವೀರೋ’ ಎಂಬ ಕೋಶಗಳ ಸಂತತಿಯಲ್ಲಿ ರೇಬೀಸ್ ವೈರಾಣು ಚೆನ್ನಾಗಿ ವೃದ್ಧಿಯಾಗುತ್ತದೆ. ಅದನ್ನು ಶುದ್ಧೀಕರಿಸಿ ನಿಷ್ಕ್ರಿಯಗೊಳಿಸಿದ ಲಸಿಕೆಯಲ್ಲಿ ಮಿದುಳಿನ ಅಂಶವೇ ಇರುವುದಿಲ್ಲ. ಕೂನೂರಿನ ಸಂಸ್ಥೆಯೂ ಈ ಶತಮಾನದ ಮೊದಲ ವರ್ಷಗಳಲ್ಲಿ ಇಂಥ ಲಸಿಕೆಯನ್ನು ತಯಾರಿಸಿತು. 2006ರಲ್ಲಿ ಚರ್ಮದ ಪದರದೊಳಕ್ಕೇ ಅತಿ ಸಣ್ಣ ಪ್ರಮಾಣದಲ್ಲಿ ಲಸಿಕೆ ಕೊಡುವ ವಿಧಾನಕ್ಕೆ ದೇಶದಲ್ಲಿ ಒಪ್ಪಿಗೆ ಸಿಕ್ಕಿದ್ದರಿಂದ ಒಬ್ಬರಿಗೆ ಬೇಕಾಗುತ್ತಿದ್ದ ಸೀಸೆಯನ್ನು ಹಲವರಿಗೆ ಹಂಚಲು ಸಾಧ್ಯವಾಯಿತು.

ಈ ವಿಧಾನವನ್ನು ನಾನು ಹತ್ತಿರದಿಂದ ನೋಡಿದ್ದು ಇಲ್ಲಿನ ಆಸ್ಪತ್ರೆಯಲ್ಲಿ, ಟೀ ಎಸ್ಟೇಟಿನ ಕೂಲಿಯವರ ಮಗನಾದ ನನ್ನ ವಿದ್ಯಾರ್ಥಿಯೊಬ್ಬನನ್ನು ಕರೆದೊಯ್ದಾಗ. ನರ್ಸಮ್ಮ ಮೊದಲು ಸೂಜಿಯನ್ನು ಮುಟ್ಟಲೇ ಇಲ್ಲ. ಹುಡುಗನ ಮೀನಖಂಡವನ್ನು ನಲ್ಲಿಯ ಕೆಳಗೆ ಹಿಡಿಸಿ, ಸೋಪು ಹಚ್ಚಿ, ಗೋಡೆ ಗಡಿಯಾರ ನೋಡುತ್ತ ಹದಿನೈದು ನಿಮಿಷ ತೊಳೆಸಿದರು. ಕೂನೂರಿನ ತಣ್ಣೀರಿಗೆ ಅವನ ಹಲ್ಲು ಕಟಕಟಿಸುತ್ತಿದ್ದರೂ ಬಿಡಲಿಲ್ಲ. ರಕ್ತ ಬಂದ ಗಾಯವಾದ್ದರಿಂದ ಇಮ್ಯುನೊಗ್ಲಾಬ್ಯುಲಿನ್ ಎಂಬ, ವೈರಾಣುವನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಮದ್ದನ್ನು ಗಾಯದ ಒಳಗೂ ಸುತ್ತಲೂ ಕೊಟ್ಟರು. ಅವನು ಕೂಗಿಕೊಂಡದ್ದು ಆಗ ಮಾತ್ರ. ಲಸಿಕೆ ಕೊಟ್ಟದ್ದು ಎರಡೂ ತೋಳುಗಳಿಗೆ, ತಲಾ 0.1 ಮಿಲಿಲೀಟರ್. ಚುಚ್ಚಿದ ಜಾಗದಲ್ಲಿ ಉದ್ದಿನ ಕಾಳಿನಷ್ಟು ಉಬ್ಬು ಎದ್ದಿತು. “ಇಷ್ಟೇನಾ ಸಾರ್?” ಎಂದು ಅವನೇ ನನ್ನ ಮುಖ ನೋಡಿದ. ಮೊದಲ ದಿನವನ್ನು ಸೊನ್ನೆಯೆಂದು ಲೆಕ್ಕ ಹಿಡಿದು, 3, 7 ಮತ್ತು 28ನೆಯ ದಿನ ಮತ್ತೆ ಬರಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರು.

ತೊಳೆಯುವುದಕ್ಕೆ ಅಷ್ಟೊಂದು ಮಹತ್ವ ಏಕೆಂಬುದು ವೈರಾಣುವಿನ ನಡೆಯನ್ನು ತಿಳಿದರೆ ಅರ್ಥವಾಗುತ್ತದೆ. ನಾಯಿಯ ಜೊಲ್ಲಿನಿಂದ ಗಾಯಕ್ಕೆ ಇಳಿದ ರೇಬೀಸ್ ವೈರಾಣು ರಕ್ತದ ಮೂಲಕ ಹರಡುವುದಿಲ್ಲ; ಹತ್ತಿರದ ನರವನ್ನು ಹಿಡಿದು ನಿಧಾನವಾಗಿ ಮಿದುಳಿನತ್ತ ಸಾಗುತ್ತದೆ. ಆದ್ದರಿಂದಲೇ ರೋಗಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಮುಖಕ್ಕೋ ತಲೆಗೋ ಕಡಿದರೆ ದಾರಿ ಹತ್ತಿರವಾದ್ದರಿಂದ ಬೇಗ ಬರಬಹುದು. ಲಸಿಕೆಯಿಂದ ದೇಹ ತನ್ನದೇ ಪ್ರತಿಕಾಯಗಳನ್ನು ತಯಾರಿಸಿಕೊಳ್ಳಲು ಒಂದೆರಡು ವಾರ ಬೇಕು, ಅಲ್ಲಿಯವರೆಗೆ ಗಾಯದಲ್ಲಿ ಕಾವಲಿರುವುದು ಇಮ್ಯುನೊಗ್ಲಾಬ್ಯುಲಿನ್. ಸೋಪಿನ ನೊರೆ ವೈರಾಣುವಿನ ಕೊಬ್ಬಿನ ಹೊರಕವಚವನ್ನು ಕರಗಿಸಿ, ಹೊರಡುವ ಮೊದಲೇ ಅದರ ಸಂಖ್ಯೆಯನ್ನು ಇಳಿಸುತ್ತದೆ. ಸುಣ್ಣ, ಖಾರದಪುಡಿ ಮುಂತಾದವು ಗಾಯವನ್ನು ಕೆರಳಿಸುತ್ತವೆಯೇ ಹೊರತು ಈ ಕೆಲಸ ಮಾಡುವುದಿಲ್ಲ. ನೀರಿಗೆ ಹೆದರುವ, ಗಾಳಿಗೆ ಬೆಚ್ಚುವ ಲಕ್ಷಣ ಶುರುವಾದ ಮೇಲಂತೂ ಬದುಕಿದವರು ಜಗತ್ತಿನಲ್ಲಿಯೇ ಬೆರಳೆಣಿಕೆಯಷ್ಟು.

ಕೂನೂರಿನ ಸಂಸ್ಥೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ವಿರುದ್ಧ ಮಕ್ಕಳಿಗೆ ಹಾಕುವ ಡಿಪಿಟಿ ಲಸಿಕೆಯನ್ನೂ ತಯಾರಿಸುತ್ತಿತ್ತು. ತಯಾರಿಕೆಯ ಗುಣಮಟ್ಟದ ನಿಯಮಗಳಿಗೆ ಹೊಂದುವುದಿಲ್ಲವೆಂದು 2008ರ ಜನವರಿಯಲ್ಲಿ ಕೂನೂರು, ಕಸೌಲಿ ಮತ್ತು ಚೆನ್ನೈನ ಗಿಂಡಿಯ ಸರ್ಕಾರಿ ಲಸಿಕಾ ಘಟಕಗಳ ಪರವಾನಗಿಯನ್ನು ಒಟ್ಟಿಗೆ ಅಮಾನತಿನಲ್ಲಿಟ್ಟು, 2010ರಲ್ಲಿ ಆ ಅಮಾನತನ್ನು ಹಿಂತೆಗೆದುಕೊಳ್ಳಲಾಯಿತು. ನಿಯಮ ಪಾಲನೆಯಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲು ಘಟಕಗಳನ್ನು ದುರಸ್ತಿ ಮಾಡುವ ಬದಲು ಮೂರಕ್ಕೂ ಒಮ್ಮೆಲೇ ಬಾಗಿಲು ಹಾಕಿಸಿ, ಖಾಸಗಿ ತಯಾರಕರತ್ತ ಕೈಚಾಚಿದ ಕ್ರಮ ನನಗೆ ಇಂದಿಗೂ ಸರಿಯೆನಿಸಿಲ್ಲ.

ಊರಿನವರು ಪದೇಪದೇ ಕೇಳುವ ಒಂದು ಪ್ರಶ್ನೆ ಉಳಿದಿದೆ: ಪ್ರವಾಸದಲ್ಲಿ ನಾಯಿ ಕಡಿದರೆ ಲಸಿಕೆ ಎಲ್ಲಿ ಹಾಕಿಸಿಕೊಳ್ಳಬೇಕು? ಪ್ರವಾಸಕ್ಕೆ ಬಂದವರಿಗೆ ಇಲ್ಲಿ ನಾಯಿ ಕಡಿದರೆ, ಅಥವಾ ಕೈಯಲ್ಲಿರುವ ತಿಂಡಿ ಕಸಿಯಲು ಬಂದ ಕೋತಿ ಪರಚಿದರೆ, ಊರಿಗೆ ಮರಳಿದ ಮೇಲೆ ನೋಡೋಣವೆಂದು ಬಸ್ಸು ಹತ್ತಬಾರದು. ಗಾಯವನ್ನು ಅಲ್ಲೇ ತೊಳೆದು, ಮೊದಲ ಸುತ್ತಿನ ಲಸಿಕೆಯನ್ನು ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿಯೇ ಹಾಕಿಸಿಕೊಳ್ಳಬೇಕು. ಚೀಟಿ ತಮಿಳಿನಲ್ಲಿದ್ದರೂ ದಿನಾಂಕ ಮತ್ತು ಲಸಿಕೆಯ ವಿವರ ಸ್ಪಷ್ಟವಾಗಿದ್ದರೆ, ಉಳಿದ ಸುತ್ತುಗಳನ್ನು ಗುಂಡ್ಲುಪೇಟೆಯಲ್ಲೋ ನಂಜನಗೂಡಿನಲ್ಲೋ ಮುಂದುವರಿಸಬಹುದು. ತೋಳಿಗೆ ಚರ್ಮದೊಳಗೆ ಕೊಟ್ಟದ್ದೇ ಸ್ನಾಯುವಿಗೆ ಕೊಟ್ಟದ್ದೇ ಎಂಬುದನ್ನು ಮಾತ್ರ ಬರೆಸಿಕೊಳ್ಳಿ, ಏಕೆಂದರೆ ಸ್ನಾಯುವಿಗಾದರೆ 14ನೆಯ ದಿನದ ಇನ್ನೊಂದು ಸುತ್ತು ಸೇರಿ ಒಟ್ಟು ಐದಾಗುತ್ತದೆ. ಚಿಕ್ಕಮ್ಮನ ಮೊಮ್ಮಗ ತಾಲ್ಲೂಕು ಆಸ್ಪತ್ರೆಯಲ್ಲಿ ನಾಲ್ಕೂ ಸುತ್ತು ಮುಗಿಸಿದ್ದಾನೆ. 28ನೆಯ ದಿನದ್ದನ್ನು ಹಬ್ಬದ ನೆಪದಲ್ಲಿ ತಪ್ಪಿಸಲು ನೋಡಿದವರು ಅವನ ಅಪ್ಪ.