ಆರ್ಡರ್ ಶೀಟಿನಲ್ಲಿ ‘ಗೈರುಹಾಜರು’
ಪೋಷಕತ್ವ ಯೋಜನೆಯಡಿ ಒಂದು ಸಾಕು ಕುಟುಂಬದಲ್ಲಿ ಬೆಳೆಯುತ್ತಿದ್ದ ಹದಿನಾಲ್ಕರ ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕಿದ್ದ ದಿನ, ಆ ಮನೆಯ ಯಜಮಾನರು ಒಬ್ಬರೇ ಬಂದು, ‘ನೆಂಟರೂರಿನ ಜಾತ್ರೆಗೆ ಹೋಗಿದ್ದಾಳೆ ಸರ್, ಮುಂದಿನ ಸಲ ಕರ್ಕೊಂಡು ಬರ್ತೀನಿ’ ಎಂದರು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕಾನೂನು ಮತ್ತು ಪರಿವೀಕ್ಷಣಾಧಿಕಾರಿಯಾಗಿದ್ದ ನಾನು ಆ ಮಾತನ್ನೇ ವರದಿಯಲ್ಲಿ ಬರೆದೆ; ಆರ್ಡರ್ ಶೀಟಿನಲ್ಲಿ ‘ಮಗು ಗೈರುಹಾಜರು, ಮುಂದಿನ ಮುದ್ದತಿಗೆ’ ಎಂದು ದಾಖಲಾಯಿತು. ಅವಳು ಮನೆ ಬಿಟ್ಟು ಆಗಲೇ ಮೂರು ದಿನವಾಗಿತ್ತು. ನಮಗೆ ಅದು ತಿಳಿದದ್ದು ಇನ್ನೂ ಒಂಬತ್ತು ದಿನ ಕಳೆದ ಮೇಲೆ, ಅದೂ ಅವಳ ಶಾಲೆಯ ಶಿಕ್ಷಕಿ ಫೋನ್ ಮಾಡಿ ವಿಚಾರಿಸಿದ್ದರಿಂದ.

ಕಾನೂನು ನನಗೆ ಗೊತ್ತಿಲ್ಲದ್ದೇನಲ್ಲ. ಕಾಣೆಯಾದ ಪ್ರತಿಯೊಂದು ಮಗುವಿನ ವಿಷಯದಲ್ಲೂ, ತನಿಖೆಯಿಂದ ಬೇರೆಯದು ಸಾಬೀತಾಗುವ ತನಕ, ಅದು ಅಪಹರಣ ಇಲ್ಲವೇ ಸಾಗಾಣಿಕೆ ಎಂದೇ ಭಾವಿಸಿ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಬಚಪನ್ ಬಚಾವೋ ಆಂದೋಲನ ಎಂಬ ಮಕ್ಕಳ ಹಕ್ಕುಗಳ ಸಂಸ್ಥೆಯ ಪ್ರಕರಣದಲ್ಲಿ ಹೇಳಿತ್ತು. ಸಮಿತಿಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರವೂ ಇದೆ. ಯಾವ ಊರು, ಯಾವ ನೆಂಟರು, ಅವರ ಫೋನ್ ನಂಬರ್ ಏನು ಎಂದು ಅಂದೇ ಕೇಳಿ ಖಚಿತಪಡಿಸಿಕೊಳ್ಳಲು ಐದು ನಿಮಿಷ ಸಾಕಿತ್ತು. ಅಂದು ಪಟ್ಟಿಯಲ್ಲಿ ಪ್ರಕರಣಗಳು ಬಹಳವಿದ್ದವು ಎಂಬುದು ಕಾರಣವೇ ಹೊರತು ಸಮರ್ಥನೆಯಲ್ಲ.

ಠಾಣೆಯಲ್ಲಿ ‘ಎರಡು ದಿನ ನೋಡಿ, ತಾನೇ ಬರ್ತಾಳೆ’ ಎಂಬ ಮಾತನ್ನು ದಾಟಿ, ಹಿಂದೆ ಐಪಿಸಿ 363 ಆಗಿದ್ದ, ಈಗ ಭಾರತೀಯ ನ್ಯಾಯ ಸಂಹಿತೆಯ 137 ಆಗಿರುವ ಅಪಹರಣದ ಕಲಂ ಅಡಿ ದೂರು ದಾಖಲಾಯಿತು. ಆ ಬಳಿಕ ಎದುರಾದ ತೊಡಕು ನಮ್ಮದೇ. ಸಮಿತಿಯ ಮುಂದೆ ಮಗುವಿದ್ದರೆ ಅದಕ್ಕೆ ಊಟ, ಶಾಲೆ, ವಸತಿ ಎಂದು ಏನಾದರೊಂದು ಆದೇಶ ಮಾಡಲೇಬೇಕಾಗುತ್ತದೆ. ಕಾಣೆಯಾದ ಮಗುವಿನ ಕಡತಕ್ಕೆ ಆ ಒತ್ತಡವಿಲ್ಲ, ಆದ್ದರಿಂದ ಅದು ತಿಂಗಳ ಕೊನೆಯ ಮುದ್ದತಿಗೆ ಸರಿಯುತ್ತಾ ಕಟ್ಟಿನ ತಳ ಸೇರುತ್ತದೆ. ಇದನ್ನು ತಡೆದವರು ಸಮಿತಿಯ ಪೀಠದ ಹಿರಿಯ ಸದಸ್ಯೆಯೊಬ್ಬರು. ಪ್ರಕರಣವನ್ನು ವಾರಕ್ಕೊಮ್ಮೆ ಪಟ್ಟಿಗೆ ತರಬೇಕು, ತನಿಖಾಧಿಕಾರಿ ಖುದ್ದಾಗಿ ಬಂದು ಆ ವಾರ ಯಾರನ್ನು ವಿಚಾರಿಸಿದರು, ಎಲ್ಲಿಗೆ ಹೋದರು ಎಂಬುದನ್ನು ಲಿಖಿತವಾಗಿ ಕೊಡಬೇಕು, ನಾಲ್ಕು ತಿಂಗಳೊಳಗೆ ಪತ್ತೆಯಾಗದಿದ್ದರೆ ಮಾನವ ಸಾಗಾಣಿಕೆ ತಡೆ ಘಟಕಕ್ಕೆ ವರ್ಗಾಯಿಸುವ ತಾರೀಖನ್ನು ಈಗಲೇ ಕಡತದ ಮೇಲೆ ಬರೆಯಬೇಕು ಎಂದು ಅವರು ಆದೇಶಿಸಿದರು. ‘ತನಿಖೆ ಪ್ರಗತಿಯಲ್ಲಿದೆ’ ಎಂಬ ಒಂದು ಸಾಲಿನ ವರದಿಯನ್ನು ಎರಡು ಸಲ ಹಿಂದಿರುಗಿಸಿದ ಮೇಲೆ, ಮೂರನೆಯದರಲ್ಲಿ ಹುಡುಗಿಯ ಅಕ್ಕನ ವಿಳಾಸವಿತ್ತು.

ಏಳನೇ ವಾರ ಹುಡುಗಿ ಪಕ್ಕದ ಜಿಲ್ಲೆಯಲ್ಲಿ ಆ ಅಕ್ಕನ ಬಾಡಿಗೆ ಕೋಣೆಯಲ್ಲಿ ಸಿಕ್ಕಳು. ಬಾಲಮಂದಿರದಲ್ಲಿದ್ದ ತಮ್ಮನನ್ನು ನೋಡಲು ಯಾರೂ ಕರೆದೊಯ್ಯದ ಕಾರಣ ಮನೆ ಬಿಟ್ಟೆನೆಂದೂ, ಅದನ್ನು ‘ಈ ಸರ್‌ಗೆ’ ಮೊದಲೇ ಹೇಳಿದ್ದೆನೆಂದೂ ಪೀಠದ ಮುಂದೆ ನನ್ನತ್ತ ಕೈ ತೋರಿಸಿ ಹೇಳಿದಳು. ಸಾಕು ಕುಟುಂಬಗಳನ್ನು ಪ್ರತಿ ತಿಂಗಳೂ ಪರಿಶೀಲಿಸಬೇಕು, ಒಡಹುಟ್ಟಿದವರನ್ನು ಆದಷ್ಟೂ ಒಟ್ಟಿಗೆ ಇರಿಸಬೇಕು ಎಂದು ಬಾಲನ್ಯಾಯ ಕಾಯ್ದೆಯ 44ನೇ ಕಲಂ ಹೇಳುತ್ತದೆ. ಸಮಿತಿಯ ಪರವಾಗಿ ಆ ಮನೆಗೆ ಹೋಗುತ್ತಿದ್ದವನು ನಾನೇ. ಕಡತ ತಿರುವಿದಾಗ, ಅವಳು ಹೇಳಿದ ತಿಂಗಳ ವರದಿಯ ಕೊನೆಯ ಸಾಲು ನನ್ನದೇ ಕೈಬರಹದಲ್ಲಿತ್ತು: ‘ಬೇರೆ ದೂರುಗಳಿಲ್ಲ.’